ಒಂದೇ ಗುಡ್ಡವನ್ನು ನಂಬಿದ ಊರು

ಕುದುರೆಮುಖ ಪಟ್ಟಣ ಹುಟ್ಟಿದ್ದೇ ಅದಿರಿಗಾಗಿ. ಮಲ್ಲೇಶ್ವರ ಎಂಬ ಕುಗ್ರಾಮದ ಸುತ್ತ ಕಬ್ಬಿಣವಿದೆ ಎಂದು ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ 1913ರಲ್ಲೇ ಗುರುತಿಸಿದ್ದರು. ಆದರೆ ಇಲ್ಲಿನ ಮ್ಯಾಗ್ನೆಟೈಟ್ ಅದಿರಿನಲ್ಲಿ ಕಬ್ಬಿಣದ ಅಂಶ ಶೇ 40ನ್ನೂ ಮುಟ್ಟುವುದಿಲ್ಲ. ನುಣ್ಣಗೆ ಅರೆದು, ಅಯಸ್ಕಾಂತದಿಂದ ಬೇರ್ಪಡಿಸಿದರಷ್ಟೇ ಅದಕ್ಕೆ ಬೆಲೆ. ಅಷ್ಟು ಬಂಡವಾಳ ಹಾಕುವವರು ಸಿಗಲು ಆರು ದಶಕ ಹಿಡಿಯಿತು.

ಸಿಕ್ಕಿದ್ದು ಇರಾನ್. 1975ರ ಒಪ್ಪಂದದಂತೆ ಅದು 63 ಕೋಟಿ ಡಾಲರ್ ಸಾಲ ಕೊಟ್ಟು, ಎರಡು ದಶಕ ಅದಿರನ್ನೂ ಕೊಳ್ಳಬೇಕಿತ್ತು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. ವರ್ಷಕ್ಕೆ ಆರು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಘಟ್ಟದಲ್ಲಿ ಗಣಿ, ಕಾರ್ಖಾನೆ, ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ ಒಟ್ಟೊಟ್ಟಿಗೆ ಮೇಲೆದ್ದವು. ಅರೆದ ಅದಿರನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಮುಟ್ಟಿಸುವ ಏರ್ಪಾಡು ನಮ್ಮ ಎಂಜಿನಿಯರುಗಳು, ಕಾರ್ಮಿಕರು ಹೆಮ್ಮೆಪಡಬೇಕಾದ ಕೆಲಸ.

1980ರಲ್ಲಿ ಎಲ್ಲ ಸಿದ್ಧವಾಗುವ ಹೊತ್ತಿಗೆ ಇರಾನಿನಲ್ಲಿ ಕ್ರಾಂತಿಯಾಗಿ ಅಲ್ಲಿನ ದೊರೆ ಶಾ ಪದಚ್ಯುತನಾಗಿದ್ದ. ಸಾಲವೂ ನಿಂತಿತು, ಗಿರಾಕಿಯೂ ಹೋದ. ಕಂಪನಿ ಬೇರೆ ದೇಶಗಳ ಬಾಗಿಲು ತಟ್ಟಿತು; 1987ರಲ್ಲಿ ಮಂಗಳೂರಿನಲ್ಲಿ ಅದಿರಿನ ಪುಡಿಯನ್ನು ಉಂಡೆಗಟ್ಟುವ ಪೆಲೆಟ್ ಕಾರ್ಖಾನೆ ಆರಂಭಿಸಿ ಉಸಿರಾಡಿತು.

ಅಷ್ಟರಲ್ಲಿ ಭದ್ರೆ ಕೆಂಪಾಗತೊಡಗಿದ್ದಳು. ಗುಡ್ಡ ಬಗೆದ ಮಣ್ಣು ಮಳೆಗಾಲದಲ್ಲಿ ಹೊಳೆ ಸೇರುತ್ತಿತ್ತು. ಸಿಂಗಳೀಕಗಳ ನೆಲೆಯಾದ ಈ ಶೋಲಾ ಕಾಡು ರಾಷ್ಟ್ರೀಯ ಉದ್ಯಾನವಾಗಿ ಘೋಷಣೆಯಾದರೂ ಅದರೊಳಗೇ ಗಣಿ ನಡೆಯುತ್ತಿತ್ತು. ಕಂಪನಿ ಹುಟ್ಟುವ ಮೊದಲೇ ಕೊಟ್ಟಿದ್ದ 30 ವರ್ಷದ ಗಣಿ ಗುತ್ತಿಗೆ 1999ರಲ್ಲಿ ಮುಗಿದರೂ ಅಗೆತ ನಿಲ್ಲಲಿಲ್ಲ. ಪರಿಸರವಾದಿಗಳ ಹೋರಾಟ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ, 2002ರ ತೀರ್ಪಿನಂತೆ 2005ರ ಕೊನೆಯ ದಿನ ಗಣಿ ನಿಂತಿತು.

ಆ ತೀರ್ಪು ಸರಿಯಾದದ್ದೇ. ಮೂರು ನದಿಗಳು ಹುಟ್ಟುವ ಬೆಟ್ಟಸಾಲನ್ನು ಅಗೆಯುತ್ತಲೇ ಇರುವಂತಿರಲಿಲ್ಲ. ಆದರೆ ಗುತ್ತಿಗೆಯ ಅವಧಿ ಗೊತ್ತಿದ್ದೂ ಊರಿಗೆ ಇನ್ನೊಂದು ಕಸುಬನ್ನು ಯಾರೂ ಯೋಚಿಸಲಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ಗಣಿ ನಿಂತ ಮೇಲೆ ನೌಕರರು ಸಂಸಾರ ಕಟ್ಟಿಕೊಂಡು ಹೊರಟರು. ಅವರನ್ನೇ ನೆಚ್ಚಿದ್ದ ಹೋಟೆಲು, ಅಂಗಡಿಗಳವರಿಗೆ ವ್ಯಾಪಾರವಿಲ್ಲವಾಯಿತು.

ಈಗ ಉಳಿದಿರುವ ದೊಡ್ಡ ಹೊಣೆ ಲಕ್ಯಾ ಅಣೆಕಟ್ಟೆಯದು. ಕಬ್ಬಿಣ ತೆಗೆದ ಮೇಲೆ ಮಿಕ್ಕ ಹೂಳನ್ನೆಲ್ಲ ತಡೆದು ನಿಲ್ಲಿಸಿರುವ, ಸುಮಾರು ನೂರು ಮೀಟರ್ ಎತ್ತರದ ಒಡ್ಡು ಅದು. ಕೆಳಗೆ ಭದ್ರೆಯ ದಂಡೆಯುದ್ದಕ್ಕೂ ತೋಟ, ಗದ್ದೆಗಳಿವೆ. ಗಣಿ ನಿಂತರೂ ಮಳೆ ನಿಂತಿಲ್ಲ. ಒಡ್ಡಿನ ತಪಾಸಣೆ, ದುರಸ್ತಿ ಪ್ರತಿ ಮಳೆಗಾಲಕ್ಕೂ ಮುಂಚೆ ಆಗಲೇಬೇಕು, ಅದರ ವರದಿ ಕೆಳದಂಡೆಯ ರೈತರ ಕೈಗೂ ಸಿಗಬೇಕು.