ಕುಂಡಲಿಕೆಯ ನೊರೆನೀರಿನಲ್ಲಿ ತೆಪ್ಪಯಾನ

ನೀರಿನ ಮೇಲೆ ಸಾಗುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಬಿದಿರು ಹೆಣೆದು ತೊಗಲು ಹೊದಿಸಿದ ಹರಿಗೋಲುಗಳು ಹೊಳೆಸಾಲಿನ ಊರುಗಳಲ್ಲಿ ಶತಮಾನಗಳ ಕಾಲ ಜನರನ್ನೂ ದವಸಧಾನ್ಯಗಳನ್ನೂ ದಡದಿಂದ ದಡಕ್ಕೆ ಮುಟ್ಟಿಸಿವೆ. ಹಂಪೆಯ ತುಂಗಭದ್ರೆಯಲ್ಲಿ ಹರಿಗೋಲು ಇಂದಿಗೂ ಕಾಣಸಿಗುತ್ತದೆ. ಆದರೆ ನಮ್ಮ ಅಂಬಿಗನು ಶಾಂತವಾದ ಮಡುವನ್ನು ಹುಡುಕಿ ಅಲ್ಲಿಯೇ ಹೊಳೆ ದಾಟುತ್ತಿದ್ದನು. ಬಂಡೆಗಳ ನಡುವೆ ನೊರೆಗರೆದು ಧುಮುಕುವ ಸೆಳವನ್ನು ಕಂಡರೆ ದೂರದಿಂದಲೇ ಕೈಮುಗಿಯುತ್ತಿದ್ದನು. ಈಗ ಕಾಲ ಬದಲಾಗಿದೆ. ಅಂಥ ಸೆಳವನ್ನೇ ಅರಸಿಕೊಂಡು ಹೋಗಿ, ಗಾಳಿ ತುಂಬಿದ ರಬ್ಬರಿನ ತೆಪ್ಪದಲ್ಲಿ ಕುಳಿತು, ಹುಟ್ಟು ಹಾಕುತ್ತ ಕೆಳಗಿಳಿಯುವುದು ಒಂದು ಕ್ರೀಡೆಯಾಗಿದೆ. ಇದನ್ನು ರ‍್ಯಾಫ್ಟಿಂಗ್ ಎಂದು ಕರೆಯುತ್ತಾರೆ.

ಹೃಷೀಕೇಶದಲ್ಲಿ ಗಂಗೆಯ ಮೇಲೆ, ಉತ್ತರ ಕನ್ನಡ ಜಿಲ್ಲೆಯ ಗಣೇಶಗುಡಿಯಲ್ಲಿ ಕಾಳಿಯ ಮೇಲೆ ಈ ಯಾನ ನಡೆಯುತ್ತದೆ. ಠಾಣೆಯವರಾದ ನಮಗೆ ಸಮೀಪವಾದ ಸ್ಥಳವೆಂದರೆ ರಾಯಗಡ ಜಿಲ್ಲೆಯ ಕೋಲಾಡ. ವಾಗ್ಳೆ ಎಸ್ಟೇಟಿನಿಂದ ಹೊರಟು ಪನವೇಲ, ಪೇಣ, ನಾಗೋಠಣೆಗಳನ್ನು ದಾಟಿದರೆ, ನೂರು ಕಿಲೋಮೀಟರಿಗೆ ತುಸು ಮಿಕ್ಕ ದಾರಿಯ ಕೊನೆಗೆ ಕೋಲಾಡ ಸಿಗುತ್ತದೆ. ಅಲ್ಲಿ ಸಹ್ಯಾದ್ರಿಯ ಬೆಟ್ಟಗಳ ನಡುವಿನ ಕಣಿವೆಯಲ್ಲಿ ಕುಂಡಲಿಕಾ ನದಿಯು ಹರಿಯುತ್ತದೆ. ನಮ್ಮ ಮೇಲಿನ ತರಗತಿಗಳ ವಿದ್ಯಾರ್ಥಿಗಳಲ್ಲಿ ಅನೇಕರು ಈ ಯಾನವನ್ನು ಮೊಬೈಲಿನ ಪರದೆಯ ಮೇಲೆ ಕಂಡು, ತಾವೂ ಹೋಗಬೇಕೆಂದು ಹಂಬಲಿಸುವುದುಂಟು. ಹಂಬಲ ತಪ್ಪಲ್ಲ. ಆದರೆ ಹೋಗುವ ಮೊದಲು ಮೂರು ಸಂಗತಿಗಳನ್ನು ತಿಳಿದಿರಬೇಕು: ಆ ನೀರು ಎಲ್ಲಿಂದ ಬರುತ್ತದೆ, ಅದು ಹೇಗೆ ಹರಿಯುತ್ತದೆ, ಅದರೊಡನೆ ನಾವು ಹೇಗೆ ನಡೆದುಕೊಳ್ಳಬೇಕು. ಈ ಲೇಖನದ ಉದ್ದೇಶ ಇವನ್ನು ವಿವರಿಸುವುದೇ ಆಗಿದೆ.

ಮೊದಲನೆಯ ಸಂಗತಿಯನ್ನು ನೋಡೋಣ. ಮಾರ್ಚ್, ಎಪ್ರಿಲ್ ತಿಂಗಳಲ್ಲಿ ಸಹ್ಯಾದ್ರಿಯ ಕಿರುಹೊಳೆಗಳೆಲ್ಲ ಬತ್ತಿ, ಬರಿಯ ಬಂಡೆಗಲ್ಲುಗಳು ಬಿಸಿಲಿಗೆ ಕಾಯುತ್ತಿರುತ್ತವೆ. ಆದರೆ ಕುಂಡಲಿಕೆಯು ಆಗಲೂ ಮುಂಜಾನೆ ತುಂಬಿ ಹರಿಯುತ್ತದೆ. ಹೊತ್ತು ಏರಿದಂತೆ ನೀರು ಇಳಿಯುತ್ತದೆ. ಮಳೆಯಿಲ್ಲದೆ ಹೊಳೆ ತುಂಬುವುದೆಂತು? ಹೊಳೆಗೆ ಗಡಿಯಾರ ಎಲ್ಲಿಂದ ಬಂತು? ಇದರ ಉತ್ತರವು ಘಟ್ಟದ ಮೇಲಿದೆ.

ಪುಣೆಯ ಪಶ್ಚಿಮಕ್ಕೆ ಮುಳಶಿ ಎಂಬಲ್ಲಿ ಮುಳಾ ನದಿಗೆ ಟಾಟಾ ಸಂಸ್ಥೆಯವರು ಅಣೆಕಟ್ಟು ಕಟ್ಟಿದ್ದಾರೆ. ಅಲ್ಲಿ ನಿಂತ ನೀರನ್ನು ಸುರಂಗದ ಮೂಲಕ ಘಟ್ಟದ ಅಂಚಿಗೆ ತಂದು, ದಪ್ಪ ಕೊಳವೆಗಳಲ್ಲಿ ಸುಮಾರು 500 ಮೀಟರು ಕೆಳಗಿರುವ ಭಿರಾ ಎಂಬ ಊರಿನ ವಿದ್ಯುದಾಗಾರಕ್ಕೆ ಇಳಿಸುತ್ತಾರೆ. ಹೀಗೆ ಇಳಿದ ನೀರಿನ ರಭಸವು ಯಂತ್ರದ ಚಕ್ರಗಳನ್ನು ತಿರುಗಿಸಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಖೋಪೋಲಿಯಲ್ಲಿ 1915ರಲ್ಲಿ, ಭಿವಪುರಿಯಲ್ಲಿ 1922ರಲ್ಲಿ, ಭಿರಾದಲ್ಲಿ 1927ರಲ್ಲಿ, ಹೀಗೆ ಒಂದರ ಹಿಂದೊಂದು ವಿದ್ಯುದಾಗಾರಗಳು ಎದ್ದು, ಮುಂಬಯಿಯ ಗಿರಣಿಗಳನ್ನೂ ರೈಲುಗಳನ್ನೂ ದೀಪಗಳನ್ನೂ ನಡೆಸಿದವು. ಭಿರಾದಲ್ಲಿ ತನ್ನ ಕೆಲಸ ಮುಗಿಸಿದ ನೀರನ್ನು ಕೆಳಗೊಂದು ಚಿಕ್ಕ ಅಣೆಯಲ್ಲಿ ತಡೆದು, ಅಲ್ಲಿಂದ ಕುಂಡಲಿಕೆಗೆ ಬಿಡುತ್ತಾರೆ. ಮುಂಜಾನೆ ತೆಪ್ಪವನ್ನು ಹೊತ್ತೊಯ್ಯುವ ಪ್ರವಾಹವು ಇದೇ. ಮುಂದೆ ಅದು ರೋಹಾ ಪಟ್ಟಣವನ್ನು ಹಾದು, ರೇವದಂಡದ ಬಳಿ ಅರಬೀ ಸಮುದ್ರವನ್ನು ಸೇರುತ್ತದೆ.

ಇಲ್ಲಿ ಕನ್ನಡಿಗರಾದ ನಾವು ಲಕ್ಷಿಸಬೇಕಾದ ಒಂದು ಮಾತಿದೆ. ಮುಳಾ ನದಿಯು ಸ್ವಭಾವತಃ ಪೂರ್ವಾಭಿಮುಖಿ. ಪುಣೆಯಲ್ಲಿ ಮುಠೆಯನ್ನು ಕೂಡಿಕೊಂಡು ಅದು ಭೀಮೆಯನ್ನು ಸೇರುತ್ತದೆ. ಭೀಮೆಯು ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ಹೊಲಗಳ ಬದಿಯಲ್ಲಿ ಹರಿದು, ಗಾಣಗಾಪುರದ ಸಂಗಮವನ್ನು ದಾಟಿ, ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯೊಳಗೆ ಲೀನವಾಗುತ್ತದೆ. ಅಂದರೆ, ಮುಳಶಿಯಲ್ಲಿ ತಡೆದು ಪಡುವಣಕ್ಕೆ ತಿರುಗಿಸಿದ ನೀರು ತನ್ನ ಪಾಡಿಗೆ ಹರಿದಿದ್ದರೆ ನಮ್ಮ ಹಿರಿಯರ ಊರುಗಳ ಕಡೆಗೇ ಹೋಗುವ ನೀರು. ನಮ್ಮ ಶಾಲೆಯ ಅನೇಕ ಮಕ್ಕಳ ತಂದೆತಾಯಿಗಳು ಆ ಭೀಮಾತೀರದಿಂದಲೇ ಮಳೆ ಕೈಕೊಟ್ಟ ವರ್ಷಗಳಲ್ಲಿ ದುಡಿಮೆಯನ್ನು ಅರಸಿ ಘಟ್ಟವಿಳಿದು ಬಂದವರು. ನೀರೂ ಘಟ್ಟವಿಳಿದು ಬಂದಿತು, ಜನರೂ ಬಂದರು. ಈ ನೀರನ್ನು ಮರಳಿ ಪೂರ್ವಕ್ಕೆ ಬಿಡಬೇಕೆಂಬ ಬೇಡಿಕೆಯು ಪುಣೆ, ಸೊಲ್ಲಾಪುರಗಳ ಕಡೆಯಿಂದ ಕೇಳಿಬಂದಿದೆ. ಆ ವಾದದ ತೀರ್ಮಾನ ದೊಡ್ಡವರಿಗೆ ಬಿಟ್ಟದ್ದು. ಆದರೆ ತೆಪ್ಪದಲ್ಲಿ ಕುಳಿತವನಿಗೆ ತನ್ನ ಕೆಳಗಿನ ನೀರಿನ ಕುಲಗೋತ್ರ ತಿಳಿದಿರುವುದು ಒಳ್ಳೆಯದು.

ಇನ್ನೊಂದು ಋಣವನ್ನೂ ನೆನೆಯಬೇಕು. ಮುಳಶಿಯ ಅಣೆಕಟ್ಟಿಗಾಗಿ ಮಾವಳ ಪ್ರದೇಶದ ಹತ್ತಾರು ಹಳ್ಳಿಗಳ ಭತ್ತದ ಗದ್ದೆಗಳು ಮುಳುಗಬೇಕಾಯಿತು. ಅದನ್ನು ಪ್ರತಿಭಟಿಸಿ ಅಲ್ಲಿನ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು. ಪಾಂಡುರಂಗ ಮಹಾದೇವ ಬಾಪಟರು ಅದರ ನಾಯಕರು; ಜನರು ಅವರನ್ನು ಸೇನಾಪತಿ ಬಾಪಟ್ ಎಂದು ಕರೆದರು. ಕೆಲವು ವರ್ಷಗಳ ಹೋರಾಟದ ನಂತರವೂ ಅಣೆಕಟ್ಟು ನಿಲ್ಲಲಿಲ್ಲ, ಗದ್ದೆಗಳು ಮುಳುಗಿದವು. ನಮ್ಮ ಕಾಳಿಯ ಕಥೆಯೂ ಇಂಥದೇ. ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿ ಕಾರವಾರದಲ್ಲಿ ಕಡಲನ್ನು ಸೇರುವ ಆ ನದಿಗೆ ಗಣೇಶಗುಡಿಯಲ್ಲಿ 101 ಮೀಟರು ಎತ್ತರದ ಸೂಪಾ ಅಣೆಕಟ್ಟು ಇದೆ. 1987ರಲ್ಲಿ ಮುಗಿದ ಆ ಅಣೆಕಟ್ಟಿನ ಹಿಂದೆ ಸೂಪಾ ಎಂಬ ಊರೇ ಮುಳುಗಿತು. ಅಲ್ಲಿಯ ಅನೇಕ ಮನೆತನಗಳು ರಾಮನಗರಕ್ಕೆ ಹೋಗಿ ನೆಲೆಸಿದವು. ಇಂದು ಕಾಳಿಯಲ್ಲಿ ತೆಪ್ಪ ತೇಲಬೇಕಾದರೆ ಸೂಪಾದ ವಿದ್ಯುದಾಗಾರದಿಂದ ನೀರು ಬರಬೇಕು. ನಾವು ಆಟವೆಂದು ಬಗೆಯುವ ನೀರಿನ ಹಿಂದೆ ಹೀಗೆ ಯಾರದೋ ಮನೆ, ಯಾರದೋ ಹೊಲ ಇರುತ್ತದೆ. ಆ ದಡದಲ್ಲಿ ಬಾಟಲಿಯನ್ನೂ ಪ್ಲಾಸ್ಟಿಕ್ ಚೀಲವನ್ನೂ ಎಸೆದು ಬರುವುದು ಎಷ್ಟು ಅನುಚಿತವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ನೀರು ಹರಿಯುವ ರೀತಿ. ನಮ್ಮ ಮಕ್ಕಳು ದಿನವೂ ಕಾಣುವ ರಾಯಲಾದೇವಿ ಕೆರೆಯ ನೀರಾಗಲಿ, ಮಾಸುಂದಾ ಕೆರೆಯ ನೀರಾಗಲಿ ನಿಂತ ನೀರು. ಹರಿಯುವ ನೀರಿನ ಗುಣವೇ ಬೇರೆ. ಒಂದು ಘನ ಮೀಟರು ನೀರು 1000 ಕಿಲೋಗ್ರಾಂ ತೂಗುತ್ತದೆ. ಹರಿಯುವ ನೀರಿನ ವೇಗ ಎರಡು ಪಟ್ಟಾದರೆ ಎದುರಿಗಿದ್ದ ವಸ್ತುವಿನ ಮೇಲೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಆದುದರಿಂದಲೇ ಮೊಣಕಾಲುದ್ದದ ಸೆಳವು ಕೂಡ ಗಟ್ಟಿಮುಟ್ಟಾದ ಮನುಷ್ಯನನ್ನು ಕೆಡವಬಲ್ಲುದು. ನದಿಯ ತಳ ಒಮ್ಮೆಲೆ ಇಳಿದಾಗ, ದಡಗಳು ಇಕ್ಕಟ್ಟಾದಾಗ, ಬಂಡೆಗಳು ಅಡ್ಡ ನಿಂತಾಗ ನೀರು ಕುದಿದಂತೆ ನೊರೆಯೇಳುತ್ತದೆ. ಈ ನೊರೆಸೆಳವುಗಳನ್ನು ಕಷ್ಟದ ಪ್ರಮಾಣಕ್ಕೆ ಅನುಗುಣವಾಗಿ 1ರಿಂದ 6ರವರೆಗೆ ಆರು ದರ್ಜೆಗಳಾಗಿ ಜಗತ್ತಿನಾದ್ಯಂತ ಎಣಿಸುತ್ತಾರೆ. ಮೊದಲನೆಯದು ಅಲೆಗಳಾಡುವ ಸುಲಭದ ನೀರು. ಆರನೆಯದು ಪ್ರಾಣಕ್ಕೇ ಸಂಚಕಾರ. ಕುಂಡಲಿಕೆಯದೂ ಕಾಳಿಯದೂ ಬಹುಮಟ್ಟಿಗೆ 2 ಮತ್ತು 3ನೆಯ ದರ್ಜೆಯವು.

ಅನುಭವಿಯು ನೀರನ್ನು ಪುಸ್ತಕದಂತೆ ಓದುತ್ತಾನೆ. ನೀರಿನ ಮೇಲೆ ಬಾಣದ ಗುರುತು ಮೂಡಿ ಅದರ ಮೊನೆ ಕೆಳಮುಖವಾಗಿದ್ದರೆ ಅದು ಎರಡು ಬಂಡೆಗಳ ನಡುವಿನ ದಾರಿ. ಮೊನೆ ಮೇಲ್ಮುಖವಾಗಿದ್ದರೆ ಅಲ್ಲಿ ನೀರಿನೊಳಗೆ ಕಲ್ಲು ಅಡಗಿದೆ. ದೊಡ್ಡ ಬಂಡೆಯ ಹಿಂಬದಿಯಲ್ಲಿ ನೀರು ತಿರುಗಿ ಮೇಲ್ಮುಖವಾಗಿ ಹರಿದು ಒಂದು ಶಾಂತವಾದ ಮೂಲೆಯನ್ನು ಉಂಟುಮಾಡುತ್ತದೆ. ತೆಪ್ಪಗಳು ಅಲ್ಲಿ ತಂಗಿ ದಣಿವಾರಿಸಿಕೊಳ್ಳುತ್ತವೆ. ಆದರೆ ನೀರು ಬಂಡೆಯನ್ನು ಹತ್ತಿ ಕೆಳಗೆ ಧುಮುಕುವಲ್ಲಿ ಅದು ಸುತ್ತಿ ಸುತ್ತಿ ತನ್ನೊಳಕ್ಕೇ ಎಳೆದುಕೊಳ್ಳುವುದುಂಟು. ಅದು ಅಪಾಯದ ಸ್ಥಾನ. ನೊರೆಯಲ್ಲಿ ಗಾಳಿ ಬೆರೆತಿರುವುದರಿಂದ ಅದಕ್ಕೆ ತೇಲಿಸುವ ಶಕ್ತಿಯೂ ಕಡಿಮೆ. ಕಣ್ಣಿಗೆ ಹತ್ತಿಯಂತೆ ಕಾಣುವ ನೊರೆಯು ಮನುಷ್ಯನನ್ನು ಚೆನ್ನಾಗಿ ಎತ್ತಿ ಹಿಡಿಯಲಾರದು.

ಇಂಥ ನೀರಿನಲ್ಲಿ ಸಾಗುವ ತೆಪ್ಪದ ರಚನೆ ಜಾಣತನದಿಂದ ಕೂಡಿದೆ. ಅದರ ಅಂಚಿನ ಕೊಳವೆಯನ್ನು ಒಳಗೆ ಹಲವು ಕೋಣೆಗಳಾಗಿ ವಿಭಾಗಿಸಿರುತ್ತಾರೆ. ಒಂದು ಕೋಣೆ ಹರಿದು ಗಾಳಿ ಹೋದರೂ ಉಳಿದವು ತೆಪ್ಪವನ್ನು ತೇಲಿಸುತ್ತವೆ. ತಳಕ್ಕೂ ಗಾಳಿ ತುಂಬಿದ್ದು, ಅದರ ಅಂಚಿನ ರಂಧ್ರಗಳಿಂದ ಒಳಬಂದ ನೀರು ತಾನಾಗಿಯೇ ಹೊರಹೋಗುತ್ತದೆ. ಸವಾರರು ಎರಡೂ ಅಂಚುಗಳ ಮೇಲೆ ಕುಳಿತು, ಪಾದಗಳನ್ನು ತಳದ ಪಟ್ಟಿಯಡಿಯಲ್ಲಿ ಸಿಕ್ಕಿಸಿಕೊಳ್ಳುತ್ತಾರೆ. ಮಾರ್ಗದರ್ಶಿಯು ಹಿಂದೆ ಕುಳಿತು ದಿಕ್ಕು ತಿರುಗಿಸುತ್ತಾನೆ. ಎಲ್ಲರಿಗೂ ತಲೆಗೆ ಹೆಲ್ಮೆಟ್, ಮೈಗೆ ಲೈಫ್ ಜಾಕೆಟ್. ಜಾಕೆಟಿನ ಕೊಂಡಿಗಳನ್ನು ಬಿಗಿಯಾಗಿ ಹಾಕಿದ ಮೇಲೆ ಹೆಗಲಿನ ಬಳಿ ಹಿಡಿದು ಮೇಲಕ್ಕೆತ್ತಿ ನೋಡಬೇಕು. ಅದು ಕಿವಿಯವರೆಗೆ ಏರಿದರೆ ಸಡಿಲವಾಗಿದೆಯೆಂದು ತಿಳಿಯಬೇಕು. ಸಡಿಲವಾದ ಜಾಕೆಟ್ ನೀರಿನಲ್ಲಿ ಮೈಬಿಟ್ಟು ಮೇಲೇರುತ್ತದೆ. ಮನುಷ್ಯನು ಕೆಳಗೆ ಉಳಿಯುತ್ತಾನೆ.

ಯಾನದ ಮೊದಲು ದಡದ ಮೇಲೆ ಮಾರ್ಗದರ್ಶಿಯು ಒಂದು ಚಿಕ್ಕ ಪಾಠ ಹೇಳುತ್ತಾನೆ. ಅನೇಕರು ಆ ಹೊತ್ತಿನಲ್ಲಿ ಫೋಟೋ ತೆಗೆಯುತ್ತ ನಿಂತಿರುತ್ತಾರೆ. ಇಡೀ ಯಾನದಲ್ಲಿ ಅದಕ್ಕಿಂತ ಮುಖ್ಯವಾದ ಹತ್ತು ನಿಮಿಷಗಳಿಲ್ಲ. ‘ಫಾರ್ವರ್ಡ್’ ಎಂದರೆ ಎಲ್ಲರೂ ಒಟ್ಟಿಗೆ ಮುಂದಕ್ಕೆ ಹುಟ್ಟು ಹಾಕಬೇಕು. ‘ಬ್ಯಾಕ್’ ಎಂದರೆ ಹಿಂದಕ್ಕೆ. ‘ಸ್ಟಾಪ್’ ಎಂದರೆ ಹುಟ್ಟನ್ನು ನೀರಿನಿಂದ ಎತ್ತಬೇಕು. ‘ಗೆಟ್ ಡೌನ್’ ಎಂದರೆ ಅಂಚಿನಿಂದ ಒಳಗೆ ಕುಸಿದು ಹಗ್ಗ ಹಿಡಿಯಬೇಕು. ಹುಟ್ಟಿನ ತುದಿಯ ಹಿಡಿಯನ್ನು ಒಂದು ಕೈ ಎಂದೂ ಬಿಡಕೂಡದು. ಬಿಟ್ಟರೆ ಅದು ಪಕ್ಕದವನ ಹಲ್ಲಿಗೆ ಬಡಿಯುತ್ತದೆ. ಹೆದರಿಕೆಯಿಂದ ಹುಟ್ಟು ನಿಲ್ಲಿಸುವವರೇ ಹೆಚ್ಚು. ಆದರೆ ಸೆಳವಿನ ನಡುವೆ ನೀರಿಗಿಂತ ಬೇಗ ಸಾಗುವ ತೆಪ್ಪವು ಮಾತ್ರ ಹೇಳಿದ ಕಡೆಗೆ ತಿರುಗುತ್ತದೆ. ಸುಮ್ಮನೆ ಕುಳಿತರೆ ನೀರು ಒಯ್ದತ್ತ ಹೋಗುತ್ತದೆ.

ಒಂದು ವೇಳೆ ನೀರಿಗೆ ಬಿದ್ದರೆ? ಈ ಭಾಗವನ್ನು ಈಜು ಬಲ್ಲವರೂ ಬಾರದವರೂ ಮನಸ್ಸಿಟ್ಟು ಓದಬೇಕು. ಬಿದ್ದವನು ಅಂಗಾತ ತೇಲಬೇಕು. ಕಾಲುಗಳು ಹೊಳೆ ಹರಿಯುವ ಕಡೆಗೆ ಮುಂದಾಗಿ, ಬೆರಳುಗಳು ನೀರಿನ ಮೇಲೆ ಕಾಣುವಂತಿರಬೇಕು. ಆಗ ಬಂಡೆ ಎದುರಾದರೆ ತಲೆಯ ಬದಲು ಪಾದ ತಾಗುತ್ತದೆ. ಸೆಳವಿನಲ್ಲಿ ಎದ್ದು ನಿಲ್ಲಲು ಯತ್ನಿಸಲೇಬಾರದು. ನಿಂತ ಪಾದವು ತಳದ ಕಲ್ಲುಗಳ ಸಂದಿಯಲ್ಲಿ ಸಿಕ್ಕಿಬಿದ್ದರೆ ಹಿಂದಿನಿಂದ ಬರುವ ನೀರು ಮನುಷ್ಯನನ್ನು ಮುಗ್ಗರಿಸಿ ಮುಳುಗಿಸುತ್ತದೆ. ಆಗ ಸೊಂಟದುದ್ದದ ನೀರೂ ಸಾಕು. ಮಾರ್ಗದರ್ಶಿಯು ಹಗ್ಗ ಎಸೆದರೆ ಅದನ್ನು ಎದೆಗೆ ಒತ್ತಿ ಹಿಡಿಯಬೇಕು; ಕೈಗೆ ಸುತ್ತಿಕೊಳ್ಳಬಾರದು. ಮಳೆಗಾಲದಲ್ಲಿ ನದಿಯ ಸ್ವಂತ ನೀರೂ ಸೇರಿ ಸೆಳವು ಹೆಚ್ಚುತ್ತದೆ. ಆಗ ಮಾರ್ಗದರ್ಶಿಯು ಬೇಡವೆಂದರೆ ಬೇಡ. ತೆಪ್ಪದ ಅಳತೆಗೆ ಮೀರಿ ಜನರನ್ನು ತುಂಬುವವರು, ಜಾಕೆಟ್ ಇಲ್ಲದೆ ಕರೆದೊಯ್ಯುವವರು ಎಷ್ಟು ಅಗ್ಗವಾಗಿ ಕರೆದರೂ ಹೋಗಬಾರದು.

ಇಷ್ಟೆಲ್ಲ ಹೇಳಿದರೂ, ನನ್ನ ಮನಸ್ಸಿನಲ್ಲಿರುವ ನಿಜವಾದ ಆತಂಕವು ತೆಪ್ಪದಲ್ಲಿ ಕುಳಿತವರ ಬಗೆಗಲ್ಲ. ಅವರಿಗೆ ಜಾಕೆಟ್ ಇದೆ, ಹಗ್ಗವಿದೆ, ನೀರು ಬಿಡುವ ಹೊತ್ತನ್ನು ಬಲ್ಲ ಮಾರ್ಗದರ್ಶಿಯಿದ್ದಾನೆ. ಇವೊಂದೂ ಇಲ್ಲದೆ ಅಣೆಕಟ್ಟಿನ ಕೆಳಗಿನ ಒಣಗಿದ ಬಂಡೆಗಳ ಮೇಲೆ ಫೋಟೋಕ್ಕಾಗಿ ನಿಲ್ಲುವವರ ಬಗೆಗೆ ಆ ಆತಂಕ. 2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಬಿಯಾಸ್ ನದಿಯಲ್ಲಿ ಹೈದರಾಬಾದಿನ ಇಂಜಿನಿಯರಿಂಗ್ ಕಾಲೇಜಿನ ಮಕ್ಕಳು ಹೀಗೆಯೇ ನಿಂತಿದ್ದರು. ಮೇಲಿನ ಲಾರ್ಜಿ ವಿದ್ಯುತ್ ಯೋಜನೆಯ ಅಣೆಯಿಂದ ನೀರು ಬಿಟ್ಟರು. ಕೆಲವೇ ನಿಮಿಷಗಳಲ್ಲಿ ಹೊಳೆಯೇರಿ 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಅವರಲ್ಲಿ ಅನೇಕರಿಗೆ ಇಪ್ಪತ್ತು ವರ್ಷ ಕೂಡ ತುಂಬಿದ್ದಿರಲಾರದು. ಆಕಾಶದಲ್ಲಿ ಮೋಡವಿಲ್ಲದಿದ್ದರೂ ಇಂಥ ಹೊಳೆ ತುಂಬುತ್ತದೆ. ಕುಂಡಲಿಕೆಯ ಪ್ರವಾಹವನ್ನು ವಿವರಿಸಿದ ನಿಯಮವೇ ಬಿಯಾಸಿನ ದುರಂತವನ್ನೂ ವಿವರಿಸುತ್ತದೆ: ಮೇಲೆ ವಿದ್ಯುದಾಗಾರವಿದ್ದರೆ ಕೆಳಗಿನ ನದಿಗೆ ಮಳೆಯ ಲೆಕ್ಕ ಸಾಲದು. ಸೈರನ್ ಕೇಳಿದರೆ, ನೀರಿನ ಬಣ್ಣ ಬದಲಾದರೆ, ಕಸಕಡ್ಡಿ ತೇಲಿಬಂದರೆ, ಕಾಲಡಿಯ ಕಲ್ಲು ಒಂದಿಷ್ಟು ಮುಳುಗಿದರೆ, ಚಪ್ಪಲಿಯನ್ನೂ ಚೀಲವನ್ನೂ ಅಲ್ಲಿಯೇ ಬಿಟ್ಟು ಎತ್ತರದ ದಡವನ್ನು ಏರಬೇಕು. ಯೇವೂರಿನ ಗುಡ್ಡದ ಝರಿಗಳಿಗೂ, ನಮ್ಮ ಸುತ್ತಲಿನ ಕಲ್ಲುಗಣಿಗಳ ಹೊಂಡಗಳಿಗೂ ಮಳೆಗಾಲದಲ್ಲಿ ಹಿರಿಯರಿಲ್ಲದೆ ಹೋಗಕೂಡದೆಂದು ನಾವು ತರಗತಿಯಲ್ಲಿ ವರ್ಷವರ್ಷವೂ ಹೇಳುವುದು ಇದೇ ಕಾರಣದಿಂದ.

ಕೋಲಾಡದಲ್ಲಿ ಸಾಮಾನ್ಯವಾಗಿ 14 ವರ್ಷ ದಾಟಿದವರನ್ನು ತೆಪ್ಪಕ್ಕೆ ಹತ್ತಿಸಿಕೊಳ್ಳುತ್ತಾರೆ. ಆ ವಯಸ್ಸಾದಾಗ ತಂದೆತಾಯಿಗಳ ಅಪ್ಪಣೆ ಪಡೆದು ನೀವೂ ಹೋಗಿ ಬನ್ನಿರಿ. ಸುಮಾರು ಎರಡು ಗಂಟೆಗಳ ಯಾನ. ಸೆಳವು ಮುಗಿದ ಮೇಲೆ ನೀರು ಶಾಂತವಾಗಿ, ಎರಡೂ ದಡದ ಮರಗಳ ನೆರಳು ಹೊಳೆಯ ಮೇಲೆ ಬಿದ್ದಿರುತ್ತದೆ. ಆಗ ಒಮ್ಮೆ ಕೈಯನ್ನು ನೀರಿನಲ್ಲಿ ಅದ್ದಿ ನೋಡಿರಿ. ಭೀಮೆಗೆ ಹೋಗಬೇಕಾಗಿದ್ದು, ಮುಳುಗಿದ ಗದ್ದೆಗಳ ಮೇಲೆ ನಿಂತು, ಮುಂಬಯಿಗೆ ದೀಪ ಹಚ್ಚಿ ಬಂದ ನೀರು ಅದು. ಮನೆಗೆ ಬಂದ ಮೇಲೆ ನಿಮ್ಮ ಅಜ್ಜ ಅಜ್ಜಿಯರಿಗೆ ಅದರ ಕಥೆಯನ್ನು ಹೇಳಿರಿ. ಭೀಮೆಯನ್ನು ಅವರು ನಿಮಗಿಂತ ಚೆನ್ನಾಗಿ ಬಲ್ಲರು.