ವಿಮಾನದಲ್ಲಿ ಒಂದೇ ಗಂಟೆ, ಆದರೆ ಆನವಟ್ಟಿಯಿಂದ ಎಷ್ಟು?

ಶಿವಮೊಗ್ಗದಿಂದ ಬೆಂಗಳೂರಿಗೆ ವಿಮಾನದಲ್ಲಿ ಒಂದೇ ಗಂಟೆ ಅಂತಾರೆ. ಸುಳ್ಳಲ್ಲ. ಆದರೆ ಆನವಟ್ಟಿ ಬಸ್ ಸ್ಟ್ಯಾಂಡಿನಿಂದ ಮೆಜೆಸ್ಟಿಕ್‌ಗೆ ಎಷ್ಟು ಗಂಟೆ? ಟಿಕೆಟ್ ಬುಕ್ ಮಾಡೋ ಮೊದಲು ಕೇಳಬೇಕಾದ್ದು ಇದನ್ನೇ.

ಮೊದಲು ದೂರ. ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 240 ಕಿ.ಮೀ. ಫೋನಿನಲ್ಲಿ 'ವಿಮಾನ ದೂರ' ಅಂತ ಹುಡುಕಿದರೆ ಬರೋದು ಈ ಲೆಕ್ಕ. ರಸ್ತೆಯಲ್ಲಾದರೆ ಶಿವಮೊಗ್ಗದಿಂದ ಬೆಂಗಳೂರಿಗೆ 300 ಕಿ.ಮೀ. ಆಸುಪಾಸು.

ಈಗ ಸಮಯ. 2023ರ ಆಗಸ್ಟ್ 31ಕ್ಕೆ ಸೋಗಾನೆಯಲ್ಲಿ ಪ್ರಯಾಣಿಕರ ವಿಮಾನ ಶುರುವಾದಾಗ ಬಂದಿದ್ದು ಇಂಡಿಗೋದ ಎಟಿಆರ್ 72. ಪ್ರೊಪೆಲ್ಲರ್ ಇರೋ ಈ ವಿಮಾನ ಮೇಲೆ ಹೋದಮೇಲೆ ಗಂಟೆಗೆ ಸುಮಾರು 500 ಕಿ.ಮೀ. ಓಡುತ್ತೆ. ಹಾಗಾದರೆ ಅರ್ಧ ಗಂಟೆ ಸಾಕಲ್ವಾ? ಸಾಲಲ್ಲ. ಟಿಕೆಟ್ ಮೇಲಿನ ಸಮಯ ವಿಮಾನ ನಿಂತ ಜಾಗದಿಂದ ಅಲುಗಾಡಿದಾಗ ಶುರುವಾಗಿ, ಆ ಕಡೆ ಪೂರ್ತಿ ನಿಂತಾಗ ಮುಗಿಯುತ್ತೆ. ರನ್‌ವೇವರೆಗೆ ಹೋಗೋದು, ಸರದಿ ಕಾಯೋದು, ಏರೋದು, ವೇಗ ಇಳಿಸ್ಕೊಂಡು ಇಳಿಯೋದು, ಎಲ್ಲ ಅದರಲ್ಲೇ. ಕಾಮರ್ಸ್ ಭಾಷೇಲಿ ಇದು ಫಿಕ್ಸೆಡ್ ಕಾಸ್ಟ್: ಹತ್ತಿರ ಹೋದರೂ ತಪ್ಪಲ್ಲ, ದೂರ ಹೋದರೂ ತಪ್ಪಲ್ಲ. ಬೆಂಗಳೂರು-ದೆಹಲಿ ಸುಮಾರು 1,700 ಕಿ.ಮೀ., ಅಂದರೆ ಏಳು ಪಟ್ಟು ದೂರ. ಅಲ್ಲಿ ಜೆಟ್ ವಿಮಾನದ ವೇಗಾನೂ ಸೇರಿ, ಹಿಡಿಯೋ ಸಮಯ ಮೂರು ಪಟ್ಟಿನ ಒಳಗೇ.

ಇನ್ನು ಮನೆ ಬಾಗಿಲಿನ ಲೆಕ್ಕ. ಶಿರಾಳಕೊಪ್ಪ, ಶಿಕಾರಿಪುರ ದಾಟಿ, ಶಿವಮೊಗ್ಗ ಊರನ್ನೂ ದಾಟಿ ಸೋಗಾನೆ: ನೂರು ಕಿ.ಮೀ.ಗೂ ಜಾಸ್ತಿ, ಎರಡೂವರೆ ಗಂಟೆ ಇಟ್ಕೊಳ್ಳಿ. ಚೆಕ್-ಇನ್, ತಪಾಸಣೆಗೆ ಒಂದೂವರೆ. ಹಾರಾಟ ಒಂದು. ಬ್ಯಾಗ್ ತಗೊಂಡು ದೇವನಹಳ್ಳಿಯಿಂದ ಮೆಜೆಸ್ಟಿಕ್ ಮುಟ್ಟೋಕೆ ಒಂದೂವರೆಯಿಂದ ಎರಡು. ಒಟ್ಟು ಆರೂವರೆ, ಏಳು ಗಂಟೆ! ರಾತ್ರಿ ಬಸ್ಸಿಗೆ ಇದಕ್ಕಿಂತ ಒಂದೆರಡು ಗಂಟೆ ಜಾಸ್ತಿ ಹಿಡಿಯಬಹುದು, ಆದರೆ ಆ ಹೊತ್ತು ನಿದ್ದೆಯಲ್ಲಿ ಕಳೆಯುತ್ತೆ. ಬೆಳಿಗ್ಗೆ 10ಕ್ಕೆ ಇಂಟರ್‌ವ್ಯೂ ಇದ್ದರೆ, ಮಧ್ಯಾಹ್ನ ಇಳಿಸೋ ವಿಮಾನಕ್ಕಿಂತ ಬೆಳಗಾಗೋದ್ರೊಳಗೆ ಇಳಿಸೋ ಬಸ್ಸೇ ಮೇಲು.

ವಿಮಾನ ಗೆಲ್ಲೋದು ಯಾವಾಗ? ದೇವನಹಳ್ಳಿಯಲ್ಲೇ ಇನ್ನೊಂದು ವಿಮಾನ ಹತ್ತೋದಿದ್ದಾಗ. ಆಗ ಬೆಂಗಳೂರಿನ ಟ್ರಾಫಿಕ್‌ಗೆ ಕಾಲಿಡೋ ಹಂಗೇ ಇಲ್ಲ. ಇನ್ನೊಂದು ವಿಷಯ: ಆನವಟ್ಟಿಯಿಂದ ನೇರ ಗೆರೆ ಎಳೆದರೆ ಸೋಗಾನೆಯೂ ಹುಬ್ಬಳ್ಳಿ ನಿಲ್ದಾಣವೂ ಹೆಚ್ಚುಕಡಿಮೆ 90 ಕಿ.ಮೀ. ಹಾಗಾಗಿ ಹಾನಗಲ್ ಕಡೆಯ ದಾರೀನೂ ಲೆಕ್ಕಕ್ಕೆ ತಗೊಳ್ಳಿ, ಎರಡೂ ಕಡೆಯ ವೇಳಾಪಟ್ಟಿ ನೋಡಿ.

ಕೊನೆಗೆ ಒಂದು ಸುಲಭ ಸೂತ್ರ. ಟಿಕೆಟ್‌ಗೆ ಎರಡೂ ಕಡೆಯ ಟ್ಯಾಕ್ಸಿ ಖರ್ಚು ಸೇರಿಸಿ, ಬಸ್ ಚಾರ್ಜ್ ಕಳೆಯಿರಿ. ಬಂದಿದ್ದನ್ನ ನಿಜವಾಗಿ ಉಳಿಯೋ ಗಂಟೆಗಳಿಂದ ಭಾಗಿಸಿ. ಒಂದು ಗಂಟೆಗೆ ಅಷ್ಟು ದುಡ್ಡು ಕೊಡೋಕೆ ಮನಸ್ಸು ಒಪ್ಪಿದರೆ ಬುಕ್ ಮಾಡಿ, ಇಲ್ಲಾಂದ್ರೆ ಕಿಟಕಿ ಸೀಟು ಹಿಡ್ಕೊಂಡು ರಾತ್ರಿ ಬಸ್ಸು ಹತ್ತಿ.