ಬೆಟ್ಟದ ತಪ್ಪಲಿನ ನಿವೇಶನ

ಪ್ರಶ್ನೆ: ಚಿನಕುರಳಿಯ ಕಡೆ ಬೆಟ್ಟದ ತಪ್ಪಲಿನಲ್ಲಿ ಮನೆ ಕಟ್ಟಬೇಕೆಂದಿದ್ದೇನೆ. ನೆಲದ ಭದ್ರತೆಯನ್ನು ಅರಿಯುವುದೆಂತು?

ಉತ್ತರ: ನಿಮ್ಮ ಸೀಮೆಯ ತಳಹದಿ ಸುಮಾರು 300 ಕೋಟಿ ವರ್ಷಗಳಷ್ಟು ಪ್ರಾಚೀನವಾದ ನೈಸ್ ಶಿಲೆಯಾದುದರಿಂದಲೂ, ಅದರ ಮೇಲಣ ಮಣ್ಣು ತೆಳುವಾದುದರಿಂದಲೂ, 2018ರ ಆಗಸ್ಟಿನಲ್ಲಿ ಕೊಡಗಿನ ದಪ್ಪಮಣ್ಣಿನ ಇಳಿಜಾರುಗಳು ಮಳೆನೀರನ್ನು ಕುಡಿದು ಕುಸಿದಂತಹ ಅನಾಹುತದ ಭಯ ಇಲ್ಲಿ ಕಡಮೆ.

ಇಲ್ಲಿ ಶಂಕಿಸಬೇಕಾದುದು ಬಂಡೆಯನ್ನು. ನಿವೇಶನದಿಂದ ಮೇಲಕ್ಕೆ ಹತ್ತಿ ಒಂದೊಂದು ಗುಂಡಿನ ಬುಡವನ್ನೂ ಬಗ್ಗಿ ನೋಡಿರಿ. ಅಡಿಯ ಮಣ್ಣು ಕೊಚ್ಚಿಹೋಗಿ, ಆನೆಗಾತ್ರದ ಕಲ್ಲು ಅಂಗೈಯಗಲದ ಆಧಾರದ ಮೇಲೆ ನಿಂತಿದ್ದರೆ, ಬಿರುಕಿನಲ್ಲಿ ಆಲದ ಬೇರು ಇಳಿದಿದ್ದರೆ, ಆ ಜಾಗ ಬೇಡ. ಇಂತಹ ಬಂಡೆಗಳನ್ನು ಅಲುಗಿಸಬಲ್ಲ, ಸಮೀಪದ ಬೇಬಿಬೆಟ್ಟದ ಕಲ್ಲುಗಣಿಗಳ ಸ್ಫೋಟವು ದೀರ್ಘಕಾಲ ಆತಂಕಕ್ಕೆ ಕಾರಣವಾಗಿ, ಕೊನೆಗೆ 2024ರಲ್ಲಿ ಉಚ್ಚ ನ್ಯಾಯಾಲಯವು ಕನ್ನಂಬಾಡಿ ಅಣೆಕಟ್ಟೆಯ ಸುರಕ್ಷತೆಗಾಗಿ ಅದರ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ತಡೆಯಿತಷ್ಟೆ. ಹಳೆಯ ಕ್ವಾರಿಯ ಗುಂಡಿಗೆ ಮಣ್ಣು ತುಂಬಿ ಸಮತಟ್ಟು ಮಾಡಿದ ನೆಲವಂತೂ ಕಣ್ಣಿಗೆ ಸುಂದರ, ಪಾಯಕ್ಕೆ ಅಯೋಗ್ಯ.

ಕಾಲುವೆ ಹತ್ತಿರವಿದ್ದರೆ ಆಳುದ್ದದ ಗುಂಡಿ ತೋಡಿಸಿ, ನೀರು ಹರಿಯುವ ದಿನಗಳಲ್ಲಿ ಜಿನುಗು ಏಳುವುದೋ ಎಂದು ಪರೀಕ್ಷಿಸಿರಿ. ಒಂದು ಮಳೆಗಾಲವನ್ನು ಅಲ್ಲಿ ಕಣ್ಣಾರೆ ಕಂಡು, ಭೂವಿಜ್ಞಾನ ಬಲ್ಲವರೊಬ್ಬರನ್ನು ಕರೆತಂದು ತೋರಿಸಿದ ಬಳಿಕವೇ ಮುಂಗಡ ಕೊಡಿರಿ.